ಮದುವೆ ಜವಳಿ ಅಂಗಡಿಗೆ ಮಾಲು ತುಂಬಿಸುವ ಮುಂಚೆ

ಕಾಸರಗೋಡು ಕಡೆ ಮದುವೆ ಜವಳಿ ಅಂಗಡಿ ಹಾಕಬೇಕು ಅಂತಿದ್ದೀರಾ? ಹಾಗಾದರೆ ಸಗಟು ವ್ಯಾಪಾರಿ ಹತ್ತಿರ ಹೋಗುವ ಮುಂಚೆ ಒಂದು ಭಾನುವಾರ ನಿಮ್ಮ ಊರಿನ ಎರಡು ಮೂರು ಮದುವೆ ಹಾಲ್‌ಗಳ ಗೇಟಿನಲ್ಲಿ ಸುಮ್ನೆ ನಿಂತು ನೋಡಿ. ಮದುಮಗಳನ್ನಲ್ಲ. ಅವಳ ಚಿಕ್ಕಮ್ಮ, ಅತ್ತಿಗೆ, ಅಜ್ಜಿ, ಪಕ್ಕದ ಮನೆಯವರು ಏನು ಉಟ್ಟಿದ್ದಾರೆ ಅಂತ ನೋಡಿ. ನಿಮ್ಮ ಅಂಗಡಿ ಬಾಡಿಗೆ ಕಟ್ಟುವವರು ಅವರೇ.

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮೊದಲ ವರ್ಷ ನಾನು ಈ ಕೆಲಸ ಮಾಡಲಿಲ್ಲ. ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿ, ಈ ವರ್ಷ ಎಲ್ಲಾ ಕಡೆ ತಿಳಿ ಬಣ್ಣವೇ ಓಡುತ್ತಿದೆ, ಗಾಢ ಬಣ್ಣ ಯಾರೂ ಕೇಳುವುದಿಲ್ಲ ಅಂತ ಹೇಳಿ 40 ಪೇಸ್ಟಲ್ ಸೀರೆ ಕಟ್ಟಿಕೊಟ್ಟರು. ಮೊಬೈಲಿನಲ್ಲಿ ಫೋಟೋ ನೋಡಿದರೆ ತುಂಬಾ ಚೆಂದ. ಹುಡುಗಿಯರಿಗೂ ಇಷ್ಟ ಆಗುತ್ತಿತ್ತು. ಆದರೆ ಧಾರೆ ಸೀರೆ ಆರಿಸುವಾಗ ಹುಡುಗಿ ಒಬ್ಬಳೇ ಬರುವುದಿಲ್ಲ ಅಲ್ವಾ? ಜೊತೆಗೆ ಬಂದ ಅಜ್ಜಿ ಒಂದೇ ಮಾತು ಹೇಳುತ್ತಿದ್ದರು, "ಇದೆಂಥದು, ತೊಳೆದ ಬಣ್ಣ." ಅಲ್ಲಿಗೆ ಮುಗಿಯಿತು. ಆ ವರ್ಷ ಹೋದದ್ದು ಹನ್ನೊಂದು. ಉಳಿದದ್ದನ್ನು ಅಸಲಿಗಿಂತ ಕಡಿಮೆಗೆ ಬಿಟ್ಟೆ. ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ನಾನು ಮೊದಲೇ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಹಾಗಂತ ತಿಳಿ ಬಣ್ಣ ಇಡಲೇಬಾರದು ಅಂತಲ್ಲ. ಅದು ರಿಸೆಪ್ಶನ್‌ಗೆ ಹೋಗುತ್ತದೆ. ಧಾರೆಗೆ ಮಾತ್ರ ಕೆಂಪು, ಕುಂಕುಮ ಬಣ್ಣ, ಮರೂನ್, ಅರಶಿನ, ಗಿಳಿ ಹಸಿರು ಇರಲೇಬೇಕು. ಕಪ್ಪು ಬೇಡ. ಒಂದೊಂದು ಸಮಾರಂಭಕ್ಕೆ ಒಂದೊಂದು ಕಪಾಟು ಅಂತ ಲೆಕ್ಕ ಹಾಕಿ: ನಿಶ್ಚಯಕ್ಕೆ ಹಗುರ ರೇಷ್ಮೆ, ಮದರಂಗಿಗೆ ಹಸಿರು ಹಳದಿ, ಧಾರೆಗೆ ಭಾರದ ಕಾಂಚೀಪುರಂ, ರಿಸೆಪ್ಶನ್‌ಗೆ ತಿಳಿ ಬಣ್ಣ ಅಥವಾ ಲೆಹೆಂಗಾ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಇದೆ. ಹತ್ತು ಕಿಲೋಮೀಟರಿಗೆ ಮದುವೆಯ ರೀತಿಯೇ ಬದಲಾಗುತ್ತದೆ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆ ಅಡಿಕೆ ತೋಟದ ಮನೆಗಳು, ಹವ್ಯಕರು, ಬಂಟರು, ಬಿಲ್ಲವರು; ಇವರಿಗೆ ಕಾಂಚೀಪುರಂ ಬೇಕು, ಅಡಿಕೆಗೆ ರೇಟು ಇದ್ದರೆ ಇನ್ನೂ ಸ್ವಲ್ಪ ಭಾರದ್ದು ಬೇಕು. ಉಪ್ಪಳ, ಮೊಗ್ರಾಲ್, ತಳಂಗರೆ ಕಡೆ ಹೋದರೆ ಗೌನ್, ಲೆಹೆಂಗಾ, ಉದ್ದ ತೋಳು, ಜೊತೆಗೆ ಅದೇ ಬಣ್ಣದ ಶಿರವಸ್ತ್ರ. ಬೇಳದ ಕಡೆ ಕೊಂಕಣಿ ಕ್ರೈಸ್ತರ ಮನೆಯಾದರೆ ಇಗರ್ಜಿಗೆ ಬಿಳಿ ಗೌನ್, ಆಮೇಲೆ ಗಂಡಿನ ಕಡೆಯಿಂದ ಕೊಡುವ ಸಾಡೊ, ಅಂದರೆ ಕೆಂಪು ಸೀರೆ. ಕಾಞಂಗಾಡಿನ ಕಡೆ ಮಲಯಾಳಿ ಹಿಂದೂಗಳು ದೇವಸ್ಥಾನದಲ್ಲಿ ತಾಳಿ ಕಟ್ಟುವುದಾದರೆ ಕಸವು ಸೀರೆ, ಅಂದರೆ ಚಿನ್ನದ ಅಂಚಿನ ಕೆನೆಬಿಳಿ ಸೀರೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟರೆ ಯಾರಿಗೂ ಸಾಕಾಗುವುದಿಲ್ಲ. ನಿಮ್ಮ ಅಂಗಡಿ ಮುಂದಿನ ಬಸ್ಸು ಯಾವ ಊರಿನಿಂದ ಬರುತ್ತದೆ ಅಂತ ನೋಡಿ ಎರಡು ಬಗೆಯನ್ನು ಗಟ್ಟಿಯಾಗಿ ಹಿಡಿಯಿರಿ. ಉಳಿದದ್ದನ್ನು ಆರ್ಡರ್ ಮೇಲೆ ತರಿಸಿ.

ದುಡ್ಡನ್ನು ಹೇಗೆ ಹಂಚಬೇಕು ಅಂದರೆ, ನಾನು ಹತ್ತು ಪಾಲು ಮಾಡುತ್ತೇನೆ. ಮೂರು ಪಾಲು ಮದುಮಗಳ ಸೀರೆಗೆ. ಐದು ಪಾಲು ನೆಂಟರ ಸೀರೆಗೆ, ಅಂದರೆ ಅಮ್ಮ, ಅತ್ತೆ, ಅಕ್ಕತಂಗಿಯರು ಉಡುವುದು ಮತ್ತು ಉಡುಗೊರೆ ಕೊಡುವುದು. ಉಳಿದ ಎರಡು ಪಾಲಿನಲ್ಲಿ ಗಂಡಸರ ಮುಂಡು, ಶಲ್ಯ, ಮಕ್ಕಳ ಲಂಗ, ರವಿಕೆ ಬಟ್ಟೆ. ಒಂದು ಮದುವೆಯಲ್ಲಿ ಧಾರೆ ಸೀರೆ ಒಂದೇ. ಉಡುಗೊರೆ ಸೀರೆ ಹದಿನೈದು ಇಪ್ಪತ್ತು ಹೋಗುತ್ತದೆ. ಹಿರಿಯರಿಗೆ ಕೊಡಲು ನಮ್ಮ ಊರಿನದ್ದೇ ಕಾಸರಗೋಡು ಸೀರೆ ಇಡಿ. ಕೈಮಗ್ಗದ ಹತ್ತಿ ಸೀರೆ, ಭೌಗೋಳಿಕ ಸೂಚಕ ಮಾನ್ಯತೆ ಇರುವಂಥದ್ದು, ಒಗೆದಷ್ಟೂ ಬಾಳಿಕೆ. ಗಲ್ಫಿನಿಂದ ಬಂದವರು ಕೂಡ ನೆನಪಿಗೆ ಅಂತ ಒಯ್ಯುತ್ತಾರೆ.

ಇನ್ನು ಕಾಂಚೀಪುರಂ. ಇಲ್ಲಿ ನಿಧಾನ ಮಾಡಿ, ಯಾಕೆಂದರೆ ದುಡ್ಡು ಮುಳುಗುವುದು ಇಲ್ಲಿಯೇ. ಮೊದಲು ಸಿಲ್ಕ್ ಮಾರ್ಕ್ ಲೇಬಲ್ ನೋಡಿ. ಅದು ರೇಷ್ಮೆ ಶುದ್ಧ ಅಂತ ಮಾತ್ರ ಹೇಳುತ್ತದೆ. ಜರಿಯ ಬಗ್ಗೆ ಏನೂ ಹೇಳುವುದಿಲ್ಲ, ಇದನ್ನು ಎಷ್ಟೋ ಅಂಗಡಿಯವರೇ ತಿಳಿದಿರುವುದಿಲ್ಲ. ಅಸಲಿ ಜರಿಯಲ್ಲಿ ಕೆಂಪು ರೇಷ್ಮೆ ನೂಲಿಗೆ ಬೆಳ್ಳಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಸೆರಗಿನ ತುದಿಯಿಂದ ಒಂದು ಎಳೆ ತೆಗೆದು ಉಗುರಿನಿಂದ ಕೆರೆಯಿರಿ. ಒಳಗೆ ಕೆಂಪು ಕಂಡರೆ ಮುಂದೆ ಮಾತಾಡಿ. ಬಿಳಿ ಕಂಡರೆ ಅದು ಟೆಸ್ಟೆಡ್ ಜರಿ, ಅಂದರೆ ತಾಮ್ರದ ತಂತಿಯ ಜರಿ, ಅಥವಾ ಪ್ಲಾಸ್ಟಿಕ್ ಜರಿ. ಕೆಂಪು ಬಣ್ಣ ಹಾಕಿ ಮೋಸ ಮಾಡುವವರೂ ಇದ್ದಾರೆ. ಆದ್ದರಿಂದ ದುಬಾರಿ ಸೀರೆಗೆ ಬಿಲ್ಲಿನಲ್ಲಿಯೇ ಯಾವ ಜರಿ ಅಂತ ಬರೆಸಿಕೊಳ್ಳಿ. ಟೆಸ್ಟೆಡ್ ಜರಿ ಮಾರುವುದು ತಪ್ಪಲ್ಲ. ಅಸಲಿ ಅಂತ ಹೇಳಿ ಮಾರುವುದು ತಪ್ಪು. ಬೆಳ್ಳಿ ಬೆಲೆ ಏರಿದ ಮೇಲೆ ಅಸಲಿ ಜರಿ ಸೀರೆ ಎಲ್ಲರ ಕೈಗೆ ಎಟುಕುವುದಿಲ್ಲ. ಹಾಗಾಗಿ ಎರಡನ್ನೂ ಇಡಿ, ಎರಡು ಬೇರೆ ಕಪಾಟಿನಲ್ಲಿ ಇಡಿ.

ಆಮೇಲೆ ಸೀರೆಯನ್ನು ಮಗುಚಿ ಹಿಂಬದಿ ನೋಡಿ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಕೋರ್ವೈ ಸೀರೆಯಲ್ಲಿ ಎರಡೂ ಸೇರುವ ಜಾಗದಲ್ಲಿ ನೂಲುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೂರು ಲಾಳಿ ಹಿಡಿದು ನೇಯುವ ಕೆಲಸ ಅದು, ಸಾಮಾನ್ಯವಾಗಿ ನೇಕಾರನ ಜೊತೆ ಇನ್ನೊಬ್ಬರು ಕೂತು ಕೈ ಹಾಕಬೇಕು. ಆ ಜಾಗವನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆದರೆ ಬಿಡುವುದಿಲ್ಲ. ಅಂಚಿನ ಉದ್ದಕ್ಕೂ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳಿದ್ದರೆ ಕೈಮಗ್ಗದ ಗುರುತು. ಪವರ್‌ಲೂಮ್ ನಕಲಿನಲ್ಲಿ ಸಾಮಾನ್ಯವಾಗಿ ಹಿಂಬದಿ ನೂಲು ಸಡಿಲವಾಗಿ ತೇಲುತ್ತಿರುತ್ತದೆ, ಬಳೆಗೆ, ಉಂಗುರಕ್ಕೆ ಸಿಕ್ಕುತ್ತದೆ.

ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಖರೀದಿ ಮಾಡಬೇಡಿ. ಕಳೆದ ಮಾಘ ಮಾಸದಲ್ಲಿ ಒಬ್ಬ ತಾಯಿ ಬಂದಿದ್ದರು. ಐದು ಮರೂನ್ ಸೀರೆ ಬಿಡಿಸಿ ಹಾಕಿದೆ. ಅವರು ಏನೂ ಮಾತಾಡದೆ ಎರಡನ್ನು ಎತ್ತಿಕೊಂಡು ಬಾಗಿಲ ಹೊರಗೆ ಹೋದರು. ಬಿಸಿಲಿಗೆ ಹಿಡಿದರು. ಅಂಗಡಿ ಒಳಗೆ ಅಣ್ಣತಮ್ಮಂದಿರ ಹಾಗೆ ಕಂಡ ಎರಡು ಸೀರೆಯಲ್ಲಿ ಒಂದು ಬೀಟ್‌ರೂಟ್ ಬಣ್ಣ, ಇನ್ನೊಂದು ಇಟ್ಟಿಗೆ ಬಣ್ಣ. ಮಗಳ ಕೈಯನ್ನು ಎಳೆದು ಸೀರೆ ಮೇಲೆ ಇಟ್ಟು ನೋಡಿ, ಬೀಟ್‌ರೂಟ್ ಬಣ್ಣದ್ದನ್ನೇ ತೆಗೆದುಕೊಂಡರು. ಆವತ್ತಿನಿಂದ ನಾನೂ ಖರೀದಿಗೆ ಹೋದಲ್ಲಿ ಸೀರೆಯನ್ನು ಅಂಗಳಕ್ಕೆ ತಂದು ನೋಡುತ್ತೇನೆ. ವ್ಯಾಪಾರಿಗಳಿಗೆ ಸ್ವಲ್ಪ ಕಿರಿಕಿರಿ ಆಗುತ್ತದೆ, ಆಗಲಿ.

ಗೌನ್ ಮತ್ತು ಲೆಹೆಂಗಾ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು. ಸೀರೆ ಐದೂವರೆ ಮೀಟರ್, ಯಾರಿಗಾದರೂ ಆಗುತ್ತದೆ. ಗೌನ್‌ಗೆ ಸೈಜ್ ಇದೆ. ಸೈಜ್ ಅಂದರೆ ಉಳಿಯುವ ಮಾಲು. ಹಿಂದೆ ದಾರ ಕಟ್ಟಿ ಬಿಗಿ ಮಾಡುವ ಬಗೆಯದ್ದನ್ನೇ ತೆಗೆದುಕೊಳ್ಳಿ, ಒಂದೇ ಗೌನ್ ಎರಡು ಮೂರು ಸೈಜಿಗೆ ಬರುತ್ತದೆ. ಒಳಗೆ ಹೊಲಿಗೆ ಬಟ್ಟೆ ಎರಡು ಇಂಚಾದರೂ ಬಿಟ್ಟಿದ್ದಾರಾ ನೋಡಿ. ಬಿಳಿ ಗೌನ್ ನಾನು ಆರಕ್ಕಿಂತ ಹೆಚ್ಚು ಇಡುವುದಿಲ್ಲ, ಅದನ್ನೂ ಬಾಡಿಗೆಗೆ ಕೊಡುತ್ತೇನೆ. ತೆರಿಗೆಯ ಲೆಕ್ಕವೂ ಬೇರೆ: ಸೀರೆಗೆ ಜಿಎಸ್‌ಟಿ ಶೇಕಡ 5. ಹೊಲಿದ ಬಟ್ಟೆ 2,500 ರೂಪಾಯಿಗಿಂತ ಮೇಲಾದರೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18. ರೇಟು ಹೇಳುವಾಗ ಇದನ್ನು ಸೇರಿಸಿಯೇ ಹೇಳಿ, ಬಿಲ್ಲಿನ ಹೊತ್ತಿಗೆ ಜಗಳ ಬೇಡ.

ಯಾವಾಗ ಖರೀದಿ ಮಾಡಬೇಕು? ನಮಗೆ ಆಟಿ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಿಂದೂ ಮದುವೆ ಇಲ್ಲ. ತಮಿಳರಿಗೆ ಅದೇ ತಿಂಗಳು ಆಡಿ, ಅಲ್ಲಿಯೂ ಮದುವೆ ಇಲ್ಲ. ಕಾಂಚೀಪುರದ ಅಂಗಡಿಗಳಲ್ಲಿ ಆಗ ಮದುವೆ ಗಿರಾಕಿಗಳ ನೂಕುನುಗ್ಗಲು ಇರುವುದಿಲ್ಲ, ಕೂತು ಮಾತಾಡಬಹುದು. ಕಾಸರಗೋಡಿನಿಂದ ಚೆನ್ನೈ ಮೇಲ್ ಹತ್ತಿ, ಅಲ್ಲಿಂದ ಬಸ್ಸು. ಆಟಿಯ ಮುಂದಿನ ತಿಂಗಳು ಸೋಣ ಬರುವಷ್ಟರಲ್ಲಿ ಮಾಲು ಅಂಗಡಿಯಲ್ಲಿ ಇರಬೇಕು. ಧನು ತಿಂಗಳಲ್ಲಿ ಇನ್ನೊಂದು ಸುತ್ತು, ಮಕರದ ನಂತರದ ಮದುವೆಗಳಿಗೆ. ಆದರೆ ಮುಸ್ಲಿಂ ಗಿರಾಕಿಗಳು ಜಾಸ್ತಿ ಇದ್ದರೆ ಈ ಲೆಕ್ಕ ತಿರುಗಾಮುರುಗಾ. ಗಲ್ಫಿನಲ್ಲಿ ಶಾಲೆಗೆ ರಜೆ ಸಿಗುವುದು ಜುಲೈ-ಆಗಸ್ಟಿನಲ್ಲಿ, ಮನೆಯವರೆಲ್ಲ ಊರಿಗೆ ಬಂದು ಮದುವೆ ಮಾಡುವುದು ಆಗ. ಅವರ ಮಾಲು ಜೂನಿಗೇ ಬಂದಿರಬೇಕು. ರಂಜಾನ್ ಉಪವಾಸದ ತಿಂಗಳಲ್ಲಿ ಮದುವೆ ಕಡಿಮೆ, ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಬೇಗ ಬರುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ.

ಸಗಟು ವ್ಯಾಪಾರಿ ಹತ್ತಿರ ಮೂರು ವಿಷಯ ಬಾಯಿ ಬಿಟ್ಟು ಕೇಳಿ. ಎಷ್ಟು ದಿನದ ಸಾಲ? ಹೋಗದ ಮಾಲನ್ನು ಬದಲಿಸಿ ಕೊಡುತ್ತೀರಾ, ಎಷ್ಟು ತಿಂಗಳೊಳಗೆ? ಇದೇ ಡಿಸೈನ್ ನಮ್ಮ ಪೇಟೆಯಲ್ಲಿ ಇನ್ಯಾರಿಗೆ ಕೊಟ್ಟಿದ್ದೀರಿ? ಮೂರನೆಯದಕ್ಕೆ ಸರಿಯಾಗಿ ಉತ್ತರ ಕೊಡುವವರು ಕಡಿಮೆ. ಕೊಟ್ಟವರನ್ನು ಬಿಡಬೇಡಿ.

ಮಾಲು ತಂದ ಮೇಲೆ ನಮ್ಮ ಮಳೆಗಾಲ ಇದೆ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ನ್ಯಾಫ್ತಲಿನ್ ಗುಳಿಗೆ ಜರಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ. ಎರಡು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀರೆ ಸೀಳುತ್ತದೆ.

ಕೊನೆಗೆ, ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಮಾರಿದ್ದಕ್ಕೆ ಬಿಲ್ಲು ಇದೆ. ಇದರಲ್ಲಿ ಬರೆಯುವುದು ಕೇಳಿ ಸಿಗದೆ ಹೋದದ್ದು. ಯಾವ ಬಣ್ಣ, ಯಾವ ರೇಟು, ಯಾವ ಊರಿನವರು, ಮದುವೆ ಯಾವ ತಿಂಗಳು. ಮಂಗಳೂರಿಗೆ ಹೋಗಿ ನೋಡುತ್ತೇವೆ ಅಂತ ಎದ್ದು ಹೋದವರದ್ದನ್ನು ತಪ್ಪದೆ ಬರೆಯಿರಿ. ಹೋದ ಆಟಿಯಲ್ಲಿ ನನ್ನ ಪುಸ್ತಕದಲ್ಲಿ ಹದಿನಾಲ್ಕು ಕಡೆ ಒಂದೇ ಮಾತು ಇತ್ತು: ಅರಶಿನ ಒಡಲು, ಕೆಂಪು ಅಂಚು, ಹದಿನೈದು ಸಾವಿರದ ಒಳಗೆ. ಆ ಸಲ ಆ ಬಣ್ಣದ್ದೇ ಹನ್ನೆರಡು ತಂದೆ.