ಲೆವೊಥೈರಾಕ್ಸಿನ್ ಸಾಲದಾದಾಗ: ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಟಿ3 ಕೇಳುವ ಬಗೆ

ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ (ಹಾರ್ಮೋನ್ ಸಾಲದಾದಾಗ ಏರುವ ಅಂಕಿ) ರೇಂಜಿನೊಳಗೇ ಇದೆ. ‘ನಾರ್ಮಲ್, ಮುಂದೇನೂ ಬೇಕಿಲ್ಲ’ ಅಂತ ಜಿಪಿ ಸರ್ಜರಿಯಿಂದ (ಕುಟುಂಬ ವೈದ್ಯರ ಕ್ಲಿನಿಕ್ಕಿನಿಂದ) ಮೆಸೇಜೂ ಬಂದಿದೆ. ಆದರೆ ಸುಸ್ತು, ಮೈ ಭಾರ, ಮಲಬದ್ಧತೆ, ತಲೆಗೆ ಕವಿದ ಮಂಕು ಯಾವುದೂ ಹೋಗಿಲ್ಲ. ಲೆವೊಥೈರಾಕ್ಸಿನ್ (ಟಿ4 ಹಾರ್ಮೋನ್ ಮಾತ್ರೆ) ನುಂಗುವವರಲ್ಲಿ ಶೇಕಡಾ 5ರಿಂದ 10ರಷ್ಟು ಜನರ ಪಾಡು ಇದು ಎಂಬ ಅಂದಾಜಿದೆ. ಊರಲ್ಲಾಗಿದ್ದರೆ ನೇರವಾಗಿ ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗಿ ಕೂರಬಹುದಿತ್ತು. ಇಲ್ಲಿ ಜಿಪಿಯನ್ನು ದಾಟದೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ತಜ್ಞರ ಮುಖ ಕಾಣುವುದಿಲ್ಲ.

ಬದಲಿ ಔಷಧಿ ಅಂದರೆ ಮುಖ್ಯವಾಗಿ ಲಿಯೊಥೈರೋನಿನ್, ಅಂದರೆ ಟಿ3. ಅದು ಎನ್‌ಎಚ್‌ಎಸ್‌ನಲ್ಲಿ ಸಿಗುವುದೇ ಇಲ್ಲ ಎಂಬ ಮಾತು ನಿಜವಲ್ಲ, ಕೇಳಿದ ಕೂಡಲೇ ಸಿಗುತ್ತದೆ ಎಂಬುದೂ ನಿಜವಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2019ರ ನವೆಂಬರ್‌ನಲ್ಲಿ ತಂದ ಮಾರ್ಗಸೂಚಿ (ಎನ್‌ಜಿ145) ಅದನ್ನು ವಾಡಿಕೆಯಾಗಿ ಕೊಡಬೇಡಿ ಎನ್ನುತ್ತದೆ. ‘ವಾಡಿಕೆಯಾಗಿ’ ಎಂದಿದೆ, ‘ಎಂದಿಗೂ’ ಎಂದಿಲ್ಲ. ಬ್ರಿಟಿಷ್ ಥೈರಾಯ್ಡ್ ಅಸೋಸಿಯೇಷನ್ ಮತ್ತು ಸೊಸೈಟಿ ಫಾರ್ ಎಂಡೋಕ್ರೈನಾಲಜಿ 2023ರಲ್ಲಿ ಕೊಟ್ಟ ಜಂಟಿ ಹೇಳಿಕೆ ಇನ್ನೂ ಸ್ವಲ್ಪ ಬಾಗಿಲು ತೆರೆಯುತ್ತದೆ: ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕೊರತೆ) ಖಚಿತವಾಗಿರಬೇಕು, ಟಿ4 ಸರಿಯಾದ ಡೋಸ್‌ನಲ್ಲಿ ಸಾಕಷ್ಟು ಕಾಲ ನಡೆದಿರಬೇಕು, ಬೇರೆ ಕಾರಣಗಳನ್ನು ಹುಡುಕಿ ಇಲ್ಲವೆಂದು ತೋರಿಸಿರಬೇಕು. ಅಷ್ಟಾದರೆ ಕೆಲವರಿಗೆ ಟಿ4 ಜೊತೆ ಟಿ3 ಸೇರಿಸಿ ನೋಡಬಹುದು. ಶುರು ಮಾಡುವವರು ಎನ್‌ಎಚ್‌ಎಸ್ ಕನ್ಸಲ್ಟೆಂಟ್ (ಆಸ್ಪತ್ರೆಯ ಹಿರಿಯ ತಜ್ಞ), ಜಿಪಿ ಅಲ್ಲ. ಹಾಗಾಗಿ ಜಿಪಿಯ ಮುಂದೆ ‘ಟಿ3 ಬರೆದುಕೊಡಿ’ ಎಂದು ಹಟ ಹಿಡಿದು ಫಲವಿಲ್ಲ. ಕೇಳಬೇಕಾದ್ದು ರೆಫರಲ್, ಅದೂ ಮೇಲಿನ ಮೂರಕ್ಕೂ ದಾಖಲೆ ಕೈಯಲ್ಲಿಟ್ಟುಕೊಂಡು.

ಮೊದಲು ಟಿ4 ಸರಿ ಮಾಡಿಕೊಳ್ಳಿ

ಇದೇ ಹೆಚ್ಚು ಸಮಯ ಹಿಡಿಯುವ ಹಂತ, ಎಷ್ಟೋ ಅರ್ಜಿಗಳು ಬಿದ್ದುಹೋಗುವುದೂ ಇಲ್ಲೇ. 65 ವರ್ಷದೊಳಗಿನ, ಹೃದಯದ ತೊಂದರೆ ಇಲ್ಲದವರಿಗೆ ನೈಸ್ ಹೇಳುವ ಆರಂಭದ ಲೆಕ್ಕ ದಿನಕ್ಕೆ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ. 62 ಕಿಲೋ ಇದ್ದರೆ ಸುಮಾರು 100. ನೀವು ಇನ್ನೂ 50 ಮೈಕ್ರೋಗ್ರಾಂ ಡೋಸ್‌ನಲ್ಲೇ ಇದ್ದು ಟಿಎಸ್‌ಎಚ್ 3.8 ಇದ್ದರೆ ಲ್ಯಾಬಿನ ಮಟ್ಟಿಗೆ ನಾರ್ಮಲ್, ಆದರೆ ತಜ್ಞರ ಕಣ್ಣಿಗೆ ‘ಇನ್ನೂ ಡೋಸ್ ಏರಿಸಿ ನೋಡಿಲ್ಲ’. ಟಿ3 ಮಾತೆತ್ತುವ ಮುಂಚೆ ಟಿಎಸ್‌ಎಚ್ ರೇಂಜಿನ ಕೆಳಭಾಗದಲ್ಲಿ, ಹೆಚ್ಚುಕಡಿಮೆ 0.3ರಿಂದ 2.0ರ ನಡುವೆ, ಮೂರರಿಂದ ಆರು ತಿಂಗಳು ನಿಂತಿರಬೇಕು. ಡೋಸ್ ಬದಲಾದ ಎರಡೇ ವಾರಕ್ಕೆ ರಕ್ತ ಕೊಟ್ಟರೆ ಆ ರಿಪೋರ್ಟ್ ಯಾವ ಕೆಲಸಕ್ಕೂ ಬಾರದು. ಟಿ4ನ ಅರ್ಧಾಯುಷ್ಯವೇ ಸುಮಾರು ಏಳು ದಿನ, ಕನಿಷ್ಠ ಆರರಿಂದ ಎಂಟು ವಾರ ಬಿಡಿ.

ಊರಿಂದ ತಂದ ಬಾಟಲಿಯ ಮಾತ್ರೆ ನುಂಗುತ್ತಿದ್ದರೆ ಇನ್ನೊಂದು ತೊಡಕು. ಥೈರೋನಾರ್ಮ್‌ನ 88, 62.5 ಮುಂತಾದ ಅಳತೆಗಳು ಇಲ್ಲಿನ ಫಾರ್ಮಸಿಯಲ್ಲಿ ಒಂದೇ ಮಾತ್ರೆಯಾಗಿ ಸಿಗುವುದಿಲ್ಲ. 75ಕ್ಕೆ 12.5 ಸೇರಿಸಿ 87.5, 50ಕ್ಕೆ 12.5 ಸೇರಿಸಿ 62.5 ಅಂತ ಜೋಡಿಸುತ್ತಾರೆ. ಜಿಪಿಯ ದಾಖಲೆಯಲ್ಲಿ ಒಂದು ಡೋಸ್, ನೀವು ನುಂಗುವುದು ಇನ್ನೊಂದು ಅಂತಾದರೆ ತಜ್ಞರು ಮೊದಲ ಭೇಟಿಯಲ್ಲೇ ಕಡತ ಮುಚ್ಚಿಯಾರು. ಆರು ತಿಂಗಳ ಮಟ್ಟಿಗಾದರೂ ಇಲ್ಲಿನ ಪ್ರಿಸ್ಕ್ರಿಪ್ಷನ್ನಿನ ಮಾತ್ರೆಗೇ ಅಂಟಿಕೊಳ್ಳಿ.

ಮಾತ್ರೆ ಬದಲಾದಾಗ ಮೈ ಕೆಡುವುದೂ ಉಂಟು. ಫಾರ್ಮಸಿಯವರು ಒಂದು ತಿಂಗಳು ಒಂದು ಕಂಪನಿಯದು, ಮುಂದಿನ ತಿಂಗಳು ಇನ್ನೊಂದರದು ಕೊಡುತ್ತಾರೆ. ಹಾಗೆ ಬದಲಾದಾಗಲೆಲ್ಲ ತೊಂದರೆಯಾಗುವವರಿಗೆ ಒಂದೇ ಉತ್ಪನ್ನವನ್ನು ಹೆಸರು ಸಮೇತ ಬರೆದುಕೊಡುವ ಬಗ್ಗೆ ಯೋಚಿಸಿ ಎಂದು ಔಷಧ ನಿಯಂತ್ರಕ ಎಮ್‌ಎಚ್‌ಆರ್‌ಎ 2021ರ ಮೇ ತಿಂಗಳಲ್ಲೇ ವೈದ್ಯರಿಗೆ ಹೇಳಿದೆ. ಡಬ್ಬಿಯ ಮೇಲಿನ ಕಂಪನಿಯ ಹೆಸರಿನ ಫೋಟೋ ತೆಗೆದಿಟ್ಟುಕೊಳ್ಳಿ. ಲ್ಯಾಕ್ಟೋಸ್ ಆಗದವರು ಅದನ್ನೂ ಹೇಳಿ. ಲ್ಯಾಕ್ಟೋಸ್ ಇಲ್ಲದ ಮಾತ್ರೆಯೂ ಇದೆ, ದ್ರವರೂಪದ್ದೂ ಇದೆ.

ನುಂಗುವ ಪದ್ಧತಿ ಗೊತ್ತಿದ್ದೂ ತಪ್ಪುವುದು ಕಾಫಿಯ ವಿಷಯದಲ್ಲಿ. ಬರಿಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ, ಆಮೇಲೆ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಒಮೆಪ್ರಜೋಲ್‌ನಂಥ ಆಸಿಡಿಟಿ ಮಾತ್ರೆಯೂ ಹೀರಿಕೆ ತಗ್ಗಿಸುತ್ತದೆ, ಜಿಪಿಗೆ ತಿಳಿಸಿ. ಕೂದಲಿಗೆಂದು ಬಯೋಟಿನ್ ತಗೊಳ್ಳುವವರು ರಕ್ತ ಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಿ. ಅದು ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಅನ್ನು ಸುಳ್ಳಾಗಿ ಹೆಚ್ಚು ತೋರಿಸಬಲ್ಲದು.

ಬೇರೆ ಕಾರಣ ಇಲ್ಲ ಅಂತ ತೋರಿಸುವುದು

ಸಸ್ಯಾಹಾರಿ ಮನೆಗಳಲ್ಲಿ ಬಿ12 ಮತ್ತು ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ) ಕಡಿಮೆ ಇರುವುದು ಅಪರೂಪವೇನಲ್ಲ, ಇಲ್ಲಿನ ಮಂದ ಬಿಸಿಲಿಗೆ ವಿಟಮಿನ್ ಡಿ ಕೂಡ ಕುಸಿಯುತ್ತದೆ. ಮೂರೂ ಥೈರಾಯ್ಡ್‌ನಂಥದ್ದೇ ಸುಸ್ತು ತರುತ್ತವೆ. ಇವುಗಳ ಜೊತೆ ಫುಲ್ ಬ್ಲಡ್ ಕೌಂಟ್, ಎಚ್‌ಬಿಎ1ಸಿ (ಸಕ್ಕರೆ ಪರೀಕ್ಷೆ), ಸೀಲಿಯಾಕ್ (ಗೋಧಿಯ ಗ್ಲುಟನ್ ಆಗದ ಕಾಯಿಲೆ) ಪರೀಕ್ಷೆ ಮಾಡಿಸಿ ಎಂದು ಜಿಪಿಯನ್ನು ಕೇಳಿ. ಗೊರಕೆ ಜೋರಿದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ನಲವತ್ತು ದಾಟಿದ ಹೆಂಗಸರಿಗೆ ಮುಟ್ಟು ನಿಲ್ಲುವ ಹಂತದ ಬದಲಾವಣೆ, ಖಿನ್ನತೆ ಇವನ್ನೂ ನೋಡುತ್ತಾರೆ. ‘ನನ್ನನ್ನು ಮಾನಸಿಕ ಅಂತ ತಳ್ಳಿಹಾಕುತ್ತಿದ್ದಾರೆ’ ಎಂದು ಮುನಿಸಿಕೊಳ್ಳಬೇಡಿ. ಈ ಸಾಲುಗಳು ಕಡತದಲ್ಲಿ ಇದ್ದಷ್ಟೂ ನಿಮ್ಮ ರೆಫರಲ್ ಗಟ್ಟಿ.

ಊರಿನ ಹಳೆ ರಿಪೋರ್ಟ್ ತೋರಿಸುವುದಾದರೆ ಯೂನಿಟ್ ನೋಡಿಕೊಳ್ಳಿ. ಅಲ್ಲಿನ ಹೆಲ್ತ್ ಚೆಕಪ್‌ಗಳಲ್ಲಿ ಬರುವುದು ಬಹುತೇಕ ಟೋಟಲ್ ಟಿ3, ಟಿ4. ಇಲ್ಲಿನವರು ನೋಡುವುದು ಫ್ರೀ ಟಿ3, ಟಿ4. ಫ್ರೀ ಟಿ4 ಡೆಸಿಲೀಟರಿಗೆ ನ್ಯಾನೋಗ್ರಾಂನಲ್ಲಿದ್ದರೆ 12.87ರಿಂದ ಗುಣಿಸಿ, ಲೀಟರಿಗೆ ಪಿಕೋಮೋಲ್ ಸಿಗುತ್ತದೆ: 1.2 ಇದ್ದದ್ದು 15.4 ಆಗುತ್ತದೆ. ಟಿಎಸ್‌ಎಚ್ ಅಂಕಿ ಎರಡೂ ಕಡೆ ಒಂದೇ. ಮೊದಲ ಬಾರಿ ರೋಗ ಪತ್ತೆಯಾದಾಗಿನ ಟಿಎಸ್‌ಎಚ್ ರಿಪೋರ್ಟ್ ಸಿಕ್ಕರೆ ಅದು ಬಂಗಾರ. ಅದಿಲ್ಲದೆ ‘ಖಚಿತ ಹೈಪೋಥೈರಾಯ್ಡ್’ ಎಂಬ ಮೊದಲ ಷರತ್ತಿಗೇ ತೊಡಕಾಗುತ್ತದೆ.

ಜಿಪಿಯಿಂದ ಕನ್ಸಲ್ಟೆಂಟ್‌ವರೆಗೆ

ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಬಾಯಿಮಾತು ನಿಲ್ಲುವುದಿಲ್ಲ. ಒಂದೇ ಪುಟ ಬರೆದು ಮೊದಲೇ ಕಳಿಸಿ: ಪತ್ತೆಯಾದ ವರ್ಷ ಮತ್ತು ಅಂದಿನ ಟಿಎಸ್‌ಎಚ್, ಡೋಸ್ ಬದಲಾದ ತಾರೀಖುಗಳು, ಪ್ರತಿ ಬಾರಿಯ ಟಿಎಸ್‌ಎಚ್ ಮತ್ತು ಫ್ರೀ ಟಿ4 (ಎನ್‌ಎಚ್‌ಎಸ್ ಆ್ಯಪ್‌ನಲ್ಲೇ ಸಿಗುತ್ತವೆ), ಉಳಿದಿರುವ ಲಕ್ಷಣಗಳು, ಅವುಗಳಿಂದ ಯಾವ ಕೆಲಸ ನಿಂತಿದೆ ಎಂಬುದು. ‘ತುಂಬಾ ಸುಸ್ತು’ ಎಂಬುದಕ್ಕಿಂತ ‘ಮಧ್ಯಾಹ್ನ ಮೂರರ ಮೇಲೆ ಕಂಪ್ಯೂಟರ್ ಮುಂದೆ ಕೂರಲಾಗದೆ ವಾರಕ್ಕೆ ಎರಡು ದಿನ ರಜೆ’ ಎಂಬುದು ಕೆಲಸ ಮಾಡುತ್ತದೆ.

ಜಿಪಿ ಮೊದಲು ‘ಅಡ್ವೈಸ್ ಅಂಡ್ ಗೈಡೆನ್ಸ್’ ಮೂಲಕ ತಜ್ಞರಿಗೆ ಬರೆದು ಕೇಳಬಹುದು. ಇಲ್ಲೇ ಹುಷಾರು. ‘ಟಿಎಸ್‌ಎಚ್ ನಾರ್ಮಲ್ ಇದೆ’ ಎಂದಷ್ಟೇ ಹೋದರೆ ‘ನೋಡುವ ಅಗತ್ಯವಿಲ್ಲ’ ಎಂದು ನಾಲ್ಕು ಸಾಲಿನ ಉತ್ತರ ಬಂದು ವಿಷಯ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಪುಟವನ್ನು ಲಗತ್ತಿಸಲು ಹೇಳಿ. ಇಂಗ್ಲೆಂಡಿನಲ್ಲಿ ಮೊದಲ ಹೊರರೋಗಿ ಭೇಟಿಗೆ ಆಸ್ಪತ್ರೆ ಆರಿಸಿಕೊಳ್ಳುವ ಹಕ್ಕು ನಿಮಗಿದೆ, ಅದನ್ನು ಬಳಸಿ. ಹತ್ತಿರದ ಆಸ್ಪತ್ರೆಯೇ ಆಗಬೇಕೆಂದಿಲ್ಲ.

ರೆಫರಲ್‌ಗೆ ಮುಂಚೆ ಇನ್ನೊಂದು ಕೆಲಸ. ನಿಮ್ಮ ಪ್ರದೇಶದ ಇಂಟಿಗ್ರೇಟೆಡ್ ಕೇರ್ ಬೋರ್ಡಿನ (ಅಲ್ಲಿನ ಎನ್‌ಎಚ್‌ಎಸ್ ಮಂಡಳಿಯ) ಫಾರ್ಮ್ಯುಲರಿಯನ್ನು, ಅಂದರೆ ಔಷಧಿಗಳ ಪಟ್ಟಿಯನ್ನು ತೆರೆದು ಲಿಯೊಥೈರೋನಿನ್ ಹುಡುಕಿ. ಸಾಮಾನ್ಯವಾಗಿ ಬಣ್ಣ ಹಚ್ಚಿರುತ್ತಾರೆ. ಕೆಂಪು ಇದ್ದರೆ ಆಸ್ಪತ್ರೆಯಿಂದಲೇ ಔಷಧಿ, ಜಿಪಿ ಬರೆಯುವುದಿಲ್ಲ. ಹಳದಿ (ಆಂಬರ್) ಇದ್ದರೆ ಕನ್ಸಲ್ಟೆಂಟ್ ಶುರು ಮಾಡಿ, ಸ್ಥಿರವಾದ ಮೇಲೆ ಶೇರ್ಡ್ ಕೇರ್ ಒಪ್ಪಂದದಡಿ ಜಿಪಿಗೆ ವಹಿಸುತ್ತಾರೆ. ಪಕ್ಕದ ಊರಿನವರಿಗೆ ಸಿಕ್ಕಿ ನಿಮಗೆ ಸಿಗದಿರುವುದಕ್ಕೆ ಕಾರಣ ಎಷ್ಟೋ ಸಲ ಈ ಬಣ್ಣವೇ. ಇಷ್ಟು ಜಿಪುಣತನ ಯಾಕೆಂದರೆ ಹಳೆಯ ಗಾಯ ಇದೆ: 2009ರಲ್ಲಿ ಸುಮಾರು 20 ಪೌಂಡ್ ಇದ್ದ ಒಂದು ಪ್ಯಾಕ್ 2017ಕ್ಕೆ 248 ಪೌಂಡ್ ಆಗಿತ್ತು. ಆ ಬೆಲೆ ಏರಿಕೆಗಾಗಿ ಸ್ಪರ್ಧಾ ನಿಯಂತ್ರಕ ಸಿಎಮ್‌ಎ 2021ರಲ್ಲಿ 10 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿತು. ಬೆಲೆ ಇಳಿದಿದೆ, ಹಿಂಜರಿಕೆ ಪೂರ್ತಿ ಇಳಿದಿಲ್ಲ.

ಟಿ3 ಶುರುವಾದರೆ

ಟಿ4 ನಿಲ್ಲಿಸಿ ಟಿ3 ಮಾತ್ರ ಕೊಡುವುದು ಅಪರೂಪ. ಟಿ4 ಸ್ವಲ್ಪ ಇಳಿಸಿ ಟಿ3 ಸೇರಿಸುತ್ತಾರೆ. ಯುರೋಪಿಯನ್ ಥೈರಾಯ್ಡ್ ಅಸೋಸಿಯೇಷನ್ನಿನ 2012ರ ಲೆಕ್ಕ ಹೀಗಿದೆ: ಈಗಿನ ಟಿ4 ಡೋಸನ್ನು 20ರಿಂದ ಭಾಗಿಸಿದರೆ ಟಿ3 ಡೋಸ್, ಅದರ ಮೂರು ಪಟ್ಟನ್ನು ಟಿ4ನಿಂದ ಕಳೆಯಬೇಕು. 100 ಇದ್ದವರಿಗೆ 5 ಟಿ3, 85 ಟಿ4. ಇದು ಕನ್ಸಲ್ಟೆಂಟ್ ಹೇಳುವುದನ್ನು ಅರ್ಥ ಮಾಡಿಕೊಳ್ಳಲಿಕ್ಕೆ, ಮನೆಯಲ್ಲಿ ನೀವೇ ಹೊಂದಿಸಿಕೊಳ್ಳಲಿಕ್ಕಲ್ಲ. ಟಿ3 ಬೇಗ ಏರಿ ಬೇಗ ಇಳಿಯುತ್ತದೆ, ಅದಕ್ಕೇ ಸಾಧ್ಯವಾದರೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ಎದೆ ಢವಢವ, ಕೈನಡುಕ, ನಿದ್ದೆಗೇಡು ಬಂದರೆ ಡೋಸ್ ಹೆಚ್ಚಾಯಿತೆಂದು ತಿಳಿದು ಕೂಡಲೇ ತಿಳಿಸಿ. ಎದೆನೋವು ಬಂದರೆ ಕಾಯದೆ 999ಕ್ಕೆ ಕರೆ ಮಾಡಿ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಬಡಿತದ ಏರುಪೇರು), ಆಂಜೈನಾ (ಹೃದಯದಿಂದ ಬರುವ ಎದೆನೋವು), ಮೂಳೆ ಸವೆತ ಇದ್ದವರಿಗೆ ಕೊಡಲು ತಜ್ಞರು ಹಿಂಜರಿಯುವುದು ಸರಿಯೇ.

ರಕ್ತ ಪರೀಕ್ಷೆಯ ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಿ. ಟಿ3 ನುಂಗಿ ಎರಡು ಗಂಟೆಗೆ ಕೊಟ್ಟರೆ ಫ್ರೀ ಟಿ3 ಹೆಚ್ಚು ಬಂದು ಔಷಧಿಯನ್ನೇ ಕಡಿತ ಮಾಡಿಯಾರು. ಫ್ರೀ ಟಿ4 ತುಸು ಇಳಿಯುವುದು ಸಹಜ. ಮುಖ್ಯವಾಗಿ ನೋಡಬೇಕಾದ್ದು ಟಿಎಸ್‌ಎಚ್, ಅದು ತೀರಾ ತಗ್ಗಬಾರದು. ಕೆಲವು ತಿಂಗಳು ನೋಡಿಯೂ ಗುಣ ಕಾಣದಿದ್ದರೆ ಟಿ4ಗೇ ಮರಳಿಸುತ್ತಾರೆ. ಹಾಗಾಗಿ ಶುರು ಮಾಡುವ ಮುಂಚೆಯೇ ನಾಲ್ಕೈದು ಲಕ್ಷಣಗಳಿಗೆ ಅಂಕ ಹಾಕಿಟ್ಟುಕೊಳ್ಳಿ.

ಗರ್ಭ ಧರಿಸುವ ಯೋಚನೆಯಿದ್ದರೆ ಟಿ3 ಬೇಡ. ಮಗುವಿನ ಮೆದುಳಿಗೆ ತಾಯಿಯ ಟಿ4 ಬೇಕು. ಆಗಲೇ ಟಿ3 ನುಂಗುತ್ತಿದ್ದು ಗರ್ಭ ನಿಂತರೆ ತಾವಾಗಿ ನಿಲ್ಲಿಸದೆ ಅದೇ ದಿನ ಜಿಪಿಗೆ ಫೋನ್ ಮಾಡಿ.

ಖಾಸಗಿ ದಾರಿ, ಹಂದಿಯ ಥೈರಾಯ್ಡ್

ಖಾಸಗಿ ಕನ್ಸಲ್ಟೆಂಟ್ ಟಿ3 ಬರೆದರೂ ಜಿಪಿ ಅದನ್ನು ಎನ್‌ಎಚ್‌ಎಸ್ ಚೀಟಿಗೆ ಬದಲಿಸಿ ಕೊಡಲೇಬೇಕೆಂದಿಲ್ಲ. ಕೊನೆಗೆ ತಿಂಗಳು ತಿಂಗಳೂ ಕೈಯಿಂದ ಖರ್ಚು. ಹಣ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಿಮಗೆ ನಮ್ಮ ಪ್ರದೇಶದಲ್ಲಿ ಎನ್‌ಎಚ್‌ಎಸ್ ಕ್ಲಿನಿಕ್ ಇದೆಯೇ, ಮುಂದೆ ನನ್ನನ್ನು ಅಲ್ಲಿಗೆ ತೆಗೆದುಕೊಳ್ಳಬಹುದೇ?

ಆರ್ಮರ್ ಥೈರಾಯ್ಡ್‌ನಂಥ ‘ನೈಸರ್ಗಿಕ’ ಮಾತ್ರೆ ಹಂದಿಯ ಥೈರಾಯ್ಡ್ ಗ್ರಂಥಿಯಿಂದ ತಯಾರಾದದ್ದು. ಸಸ್ಯಾಹಾರಿಗಳಿಗೆ ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಒಂದು ಗ್ರೇನ್‌ನಲ್ಲಿ (ಈ ಮಾತ್ರೆಗಳನ್ನು ಅಳೆಯುವ ಮಾನ) 38 ಮೈಕ್ರೋಗ್ರಾಂ ಟಿ4, 9 ಟಿ3 ಇರುತ್ತದೆ. ಮನುಷ್ಯರ ಗ್ರಂಥಿಯ ಪ್ರಮಾಣಕ್ಕೆ ಹೋಲಿಸಿದರೆ ಟಿ3 ಬಹಳ ಹೆಚ್ಚು. ಬ್ರಿಟನ್ನಿನಲ್ಲಿ ಇದಕ್ಕೆ ಲೈಸೆನ್ಸ್ ಇಲ್ಲ, ನೈಸ್ ಕೊಡಬೇಡಿ ಎಂದೇ ಹೇಳಿದೆ.

ದುಡ್ಡಿನ ವಿಷಯ

ಹೈಪೋಥೈರಾಯ್ಡ್‌ಗೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಇಂಗ್ಲೆಂಡಿನಲ್ಲಿ ಮೆಡಿಕಲ್ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಸಿಗುತ್ತದೆ. ಸಾಮಾನ್ಯವಾಗಿ ಐದು ವರ್ಷದ್ದು, ಥೈರಾಯ್ಡ್‌ನದ್ದಷ್ಟೇ ಅಲ್ಲ, ಎಲ್ಲ ಎನ್‌ಎಚ್‌ಎಸ್ ಚೀಟಿಗಳೂ ಉಚಿತ. ಅರ್ಜಿಗೆ ಸರ್ಜರಿಯ ರಿಸೆಪ್ಷನ್ನಿನಲ್ಲಿ ಕೇಳಿ. ತಾನಾಗಿ ಬರುವುದಿಲ್ಲ, ಮುಗಿದಾಗ ಹೊಸದಾಗಿ ಅರ್ಜಿ ಹಾಕಬೇಕು, ಅವಧಿ ಮೀರಿದ್ದನ್ನು ತೋರಿಸಿದರೆ ದಂಡ ಬೀಳುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನವರಿಗೆ ಈ ತಾಪತ್ರಯವಿಲ್ಲ, ಅಲ್ಲಿ ಚೀಟಿಗೆ ಶುಲ್ಕವೇ ಇಲ್ಲ. ಸರ್ಟಿಫಿಕೇಟ್ ಬರುವ ಮುಂಚೆ ಔಷಧಿಗೆ ಹಣ ಕೊಡಬೇಕಾಗಿ ಬಂದರೆ ಕೌಂಟರಿನಲ್ಲಿ ಆಗಲೇ ಎಫ್‌ಪಿ57 ರಸೀದಿ ಕೇಳಿ ಪಡೆಯಿರಿ. ಆಮೇಲೆ ಕೇಳಿದರೆ ಕೊಡುವುದಿಲ್ಲ, ಮರುಪಾವತಿಗೆ ಇರುವುದು ಮೂರೇ ತಿಂಗಳು.