ಹೆಣ್ಣಿಲಿ, ಎಳ್ಳೆಣ್ಣೆ ಮತ್ತು ಫಿಟ್ಸ್

ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನು ಫಿಟ್ಸ್ ತಡೆಯುತ್ತದಾ ಅಂತ ನೋಡಬೇಕಿತ್ತು. ಫಿಟ್ಸ್ ಬರಿಸುವ ರಾಸಾಯನಿಕ ಪಿಟಿಝಡ್ ಕೊಟ್ಟು ಮಾಡುವ ಈ ಪ್ರಯೋಗಕ್ಕೆ ಹೆಣ್ಣಿಲಿ ಬೇಕು ಅಂದಾಗ ನಮ್ಮ ದಾವಣಗೆರೆ ಲ್ಯಾಬಿನಲ್ಲಿ ನಕ್ಕವರೇ ಜಾಸ್ತಿ. "ಸುಮ್ನೆ ಗಂಡಿಲಿ ತಗೊಳ್ಳಮ್ಮ, ಹೆಣ್ಣಿಲಿ ರೀಡಿಂಗ್ ಚೆಲ್ಲಾಪಿಲ್ಲಿ ಆಗುತ್ತೆ" ಅಂದರು ಗೈಡ್ ಸರ್. ಮೊದಲೆರಡು ಸಲ ಹಾಗೇ ಆಯಿತು. ಮೂವತ್ತು ಚಿಲ್ಲರೆ ಇಲಿ ದಂಡವಾದವು.

ತಪ್ಪು ಇಲಿಗಳದ್ದಲ್ಲ. ಅವುಗಳ ಋತುಚಕ್ರ ನಾಲ್ಕೈದು ದಿನದ್ದು, ನಾನು ಅದನ್ನು ನೋಡಿರಲೇ ಇಲ್ಲ. ಆಮೇಲೆ ದಿನಾ ಬೆಳಿಗ್ಗೆ ಸ್ಮಿಯರ್ (ಯೋನಿಯ ದ್ರವವನ್ನು ಸ್ಲೈಡಿಗೆ ಸವರಿ ನೋಡುವುದು) ತೆಗೆದೆ. ಬಿಳಿ ರಕ್ತಕಣ ತುಂಬಿದ ಸ್ಲೈಡ್ ಬಂದ, ಅಂದರೆ ಚಕ್ರದ ಒಂದೇ ಹಂತದಲ್ಲಿರುವ, ಇಲಿಯನ್ನಷ್ಟೇ ಆರಿಸಿದೆ. ಎಲ್ಲ ಇಲಿಗಳನ್ನೂ ಒಂದೇ ದಿನ ಆ ಹಂತಕ್ಕೆ ತರುವ ಉಪಾಯವನ್ನು ಪೂರ್ತಿ ಹೇಳುವುದಿಲ್ಲ. ಗಂಡಿಲಿ ಪಂಜರದಲ್ಲಿ ಹಾಸಿದ್ದ ಹೊಟ್ಟನ್ನು ಎಸೆಯಬೇಡಿ, ಅಷ್ಟೇ.

ಪ್ರೊಜೆಸ್ಟರಾನನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಕೆಜಿಗೆ 100 ಮಿಗ್ರಾಂ ಆಸುಪಾಸು ಕೊಟ್ಟೆ. ಆಮೇಲೆ ಚರ್ಮದಡಿ ಪಿಟಿಝಡ್, ಕೆಜಿಗೆ 85 ಮಿಗ್ರಾಂ. ಬರೀ ಎಣ್ಣೆ ಕೊಟ್ಟ ಎಂಟೂ ಇಲಿಗಳಿಗೆ ಫಿಟ್ಸ್ ಬಂತು. ಹಾರ್ಮೋನಿನ ಗುಂಪಿನಲ್ಲಿ ಎರಡೋ ಮೂರೋ, ಅಷ್ಟೇ.

"ರಿಸೆಪ್ಟರ್ ಕೆಲಸ ಮಾಡಿದೆ" ಅಂದರು ಎಲ್ಲರೂ. ರಿಸೆಪ್ಟರ್ ಅಂದರೆ ಹಾರ್ಮೋನು ಹೋಗಿ ಕೂರುವ ಜೀವಕೋಶದ ಪ್ರೋಟೀನು. ಯಾವ ರಿಸೆಪ್ಟರ್? ಪ್ರೊಜೆಸ್ಟರಾನ್ ರಿಸೆಪ್ಟರೇ ಇಲ್ಲದ ಇಲಿಗಳಲ್ಲೂ ಅದು ಫಿಟ್ಸ್ ತಡೆಯುತ್ತದೆ ಅಂತ 2004ರಲ್ಲೇ ತೋರಿಸಿದ್ದಾರೆ. ಮಿದುಳಲ್ಲಿ ಅದು ಅಲೋಪ್ರೆಗ್ನನೊಲೋನ್ ಎಂಬ ಬೇರೆ ವಸ್ತುವಾಗಿ, ನರಕೋಶಗಳನ್ನು ಶಾಂತಗೊಳಿಸುವ ಗಾಬಾ-ಎ ಎಂಬ ಬೇರೆ ರಿಸೆಪ್ಟರ್ ಮೇಲೆ ಕೂರುತ್ತದೆ. ಆ ಬದಲಾವಣೆಯನ್ನು ಫಿನಾಸ್ಟರೈಡ್ ತಡೆಯುತ್ತದೆ. ಕೂದಲು ಉದುರುವುದಕ್ಕೆ ಕೊಡುವ ಅದೇ ಮಾತ್ರೆ! ದುಡ್ಡು ಉಳಿಸಲು ಮೆಡಿಕಲ್ ಶಾಪಿನಿಂದ ತಂದು ಅರೆದು ಕಲಸಿದೆ. ಇಲಿಯೊಂದಕ್ಕೆ ಎರಡೂವರೆ ಮಿಗ್ರಾಂ ಬೇಕು, ಉಳಿದದ್ದೆಲ್ಲ ಮಾತ್ರೆಯ ಹಿಟ್ಟು. ಸೂಜಿ ಕಟ್ಟಿಕೊಂಡು ಒಂದು ದಿನ ಹಾಳು. ಕೊನೆಗೆ ಶುದ್ಧ ಪುಡಿಗೆ ಮೂರು ಸಾವಿರದ ಮೇಲೆ ನನ್ನ ಕೈಯಿಂದಲೇ ಹೋಯಿತು. ಆದರೆ ಪ್ರೊಜೆಸ್ಟರಾನ್ ಜೊತೆ ಫಿನಾಸ್ಟರೈಡನ್ನೂ ಕೊಟ್ಟ ಗುಂಪಿನಲ್ಲಿ ಆರೇಳು ಇಲಿಗೆ ಮತ್ತೆ ಫಿಟ್ಸ್ ಬಂತು!

ಒಂದು ಅನುಮಾನ ಉಳಿದಿತ್ತು. ಇಲಿ ಮಂಪರಿನಲ್ಲಿದ್ದರೂ ಫಿಟ್ಸ್ ತಡೆದಂತೆಯೇ ಕಾಣುತ್ತದೆ ಅಲ್ವಾ? ಪ್ರೊಜೆಸ್ಟರಾನ್ ಜಾಸ್ತಿಯಾದರೆ ಇಲಿ ನಿದ್ದೆಗೆ ಜಾರುತ್ತದೆ ಅಂತ ವಿಜ್ಞಾನಿ ಹಾನ್ಸ್ ಸೆಲ್ಯೆ 1940ರ ದಶಕದಲ್ಲೇ ಕಂಡಿದ್ದ. ಹಾಗಾಗಿ ಬೇರೆ ಇಲಿಗಳಿಗೆ ಪ್ರೊಜೆಸ್ಟರಾನ್ ಕೊಟ್ಟು ರೋಟಾರಾಡ್ ಎಂಬ ತಿರುಗುವ ಕೋಲು ಹತ್ತಿಸಿದೆ. ಕೆಜಿಗೆ 100 ಮಿಗ್ರಾಂ ಕೊಟ್ಟಾಗ ಒಂದೆರಡು ಮಾತ್ರ ಜಾರಿದವು. ದುಪ್ಪಟ್ಟು ಕೊಟ್ಟಾಗ ಅರ್ಧಕ್ಕರ್ಧ ಕೆಳಗೆ ಬಿದ್ದವು.

ಚಾರ್ಟ್ ನೋಡಿದ ಗೈಡ್ ಸರ್ ಏನೂ ಅನ್ನಲಿಲ್ಲ. ಮರುವಾರ ಜೂನಿಯರ್ ಹುಡುಗನ ಹತ್ತಿರ, "ಹೆಣ್ಣಿಲಿ ಎಷ್ಟು ಉಳಿದಿವೆ ಕೇಳ್ಕೊಂಡು ಬಾ" ಅಂದರಂತೆ.