ಮಗುವಿಗೆ ಜ್ವರ ಬರುವ ಮೊದಲೇ ಮಾಡಿಡಬೇಕಾದ ಏರ್ಪಾಡು

ಒಬ್ಬರೇ ಮಗುವನ್ನು ಸಾಕುತ್ತ ಕಡಿಮೆ ಸಂಬಳಕ್ಕೆ ದುಡಿಯುವವರನ್ನು ಎಲ್ಲಕ್ಕಿಂತ ಕಂಗೆಡಿಸುವುದು ಮಗುವಿನ ಮೈ ಸುಡುತ್ತಿರುವ ಬೆಳಗು. ರಜೆ ಹಾಕಿದರೆ ಸಂಬಳ ಕಡಿತ, ಹೋದರೆ ಮನಸ್ಸೆಲ್ಲ ಮನೆಯಲ್ಲೇ. ಆ ದಿನದ ಏರ್ಪಾಡನ್ನು ಮಗು ಆರೋಗ್ಯವಾಗಿರುವಾಗಲೇ ಮಾಡಿಕೊಳ್ಳಿ.

ಪಾಳಿ ಬದಲಿಸಿಕೊಳ್ಳಲು ಒಪ್ಪುವ ಸಹೋದ್ಯೋಗಿಯೊಬ್ಬರನ್ನು ಈಗಲೇ ಕೇಳಿಡಿ. ಅವರ ಕಷ್ಟಕ್ಕೆ ನೀವು ಮೊದಲು ಒದಗಿದ್ದರೆ ಕೇಳಲು ಸಂಕೋಚವಿರುವುದಿಲ್ಲ. ಮಗುವನ್ನು ನೋಡಿಕೊಳ್ಳಲು ಒಬ್ಬರು ಸಾಲದು, ಇಬ್ಬರು ಬೇಕು. ಇಬ್ಬರ ಹೆಸರನ್ನೂ ಶಾಲೆಗೆ ಬರೆದು ಕೊಡಿ.

ಅವರಿಗಾಗಿ ಔಷಧಿಯ ಡಬ್ಬಿಗೆ ಒಂದು ಚೀಟಿ ಅಂಟಿಸಿ: ಮಗುವಿನ ತೂಕ, ಒಗ್ಗದ ಔಷಧಿ, ವೈದ್ಯರ ಫೋನ್ ಸಂಖ್ಯೆ. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ಒಂದೊಂದು ಸಿರಪ್ಪಿನ ಸಾಂದ್ರತೆಯೂ ಬೇರೆ. ಹಾಗಾಗಿ ಆ ಬಾಟಲಿಗೆಂದೇ ವೈದ್ಯರು ಹೇಳಿದ ಮಿಲಿಲೀಟರ್ ಲೆಕ್ಕವನ್ನು ಬರೆಯಿರಿ. ಎರಡು ಸಲದ ನಡುವೆ ಕನಿಷ್ಠ 4 ಗಂಟೆ ಅಂತರ, 24 ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚು ಬೇಡ. ಕೊಟ್ಟ ಸಮಯವನ್ನು ಅವರು ಅಲ್ಲೇ ಗುರುತು ಹಾಕಲಿ. ದಣಿದು ಬಂದ ನೀವು ಗೊತ್ತಿಲ್ಲದೆ ಮತ್ತೆ ಕುಡಿಸುವುದು ತಪ್ಪುತ್ತದೆ.

ಮೂರು ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಾವ ಏರ್ಪಾಡಿನ ಮಾತೂ ಇಲ್ಲ, ಕೆಲಸ ಬಿಟ್ಟು ಕೂಡಲೇ ವೈದ್ಯರ ಬಳಿ ಓಡಿ.